ಗುಣ ಯಾರದು, ಗಂಟು ಯಾರದು?

ಬಡವರಿಗೆ ಗುಣಪಾಠ ಹೇಳುವ ದಂಧೆಯೊಂದು ನಮ್ಮ ಜಿಲ್ಲೆಯಲ್ಲಿ ಬಹಳ ಜೋರಾಗಿ ನಡೆಯುತ್ತಾ ಇದೆ. ಬಂಟ್ವಾಳದ ಯಾವುದಾದರೂ ಸಭಾಭವನಕ್ಕೆ ಹೋಗಿ, ಬೆಳ್ತಂಗಡಿಯ ಯಾವುದಾದರೂ ಸಂಘದ ವಾರ್ಷಿಕೋತ್ಸವಕ್ಕೆ ಹೋಗಿ, ಮೂಡುಬಿದಿರೆಯ ಯಾವುದಾದರೂ ವೇದಿಕೆಯ ಕೆಳಗೆ ಕೂತು ನೋಡಿ. ಇಸ್ತ್ರಿ ಅಂಗಿಯವರೊಬ್ಬರು ಮೈಕು ಹಿಡಿದು ಹೇಳುತ್ತಿರುತ್ತಾರೆ: ದುಡ್ಡು ಮುಖ್ಯ ಅಲ್ಲ, ಗುಣ ಮುಖ್ಯ. ಧೈರ್ಯ ಬೇಕು, ತಾಳ್ಮೆ ಬೇಕು, ಶಿಸ್ತು ಬೇಕು, ಸೋತರೂ ಏಳುವ ಛಲ ಬೇಕು. ಇವಿಷ್ಟು ಇದ್ದರೆ ಸಾವಿರ ರೂಪಾಯಿಯಲ್ಲಿ ಶುರು ಮಾಡಿದವನೂ ಕೋಟಿಗೆ ಮುಟ್ಟುತ್ತಾನಂತೆ. ಎದುರು ಕೂತವರು ಯಾರು? ಬೀಡಿ ಕಟ್ಟುವ ಹೆಂಗಸರು, ಗೇರುಬೀಜದ ಕಾರ್ಖಾನೆಗೆ ಹೋಗುವ ಹುಡುಗಿಯರು, ಅಡಿಕೆ ಮರ ಹತ್ತುವವರು, ಬುಟ್ಟಿ ಹೆಣೆಯುವವರು. ಕೋಳಿ ಕೂಗುವ ಮೊದಲು ಎದ್ದು ದುಡಿಯುವವರಿಗೆ ದುಡಿಮೆಯ ಮಹಿಮೆಯ ಬಗ್ಗೆ ಉಪನ್ಯಾಸ!

ನಾವು ಗುಣದ ವೈರಿಗಳಲ್ಲ. ಧೈರ್ಯ, ತಾಳ್ಮೆ, ಶಿಸ್ತು ಯಾರಿಗೂ ಬೇಡವಾದ ಸರಕಲ್ಲ. ನಮ್ಮ ತಕರಾರು ಇಷ್ಟೇ. ಈ ಗುಣಗಳು ನಿಮ್ಮವರಲ್ಲಿ ಇಲ್ಲ, ಅದಕ್ಕೇ ನೀವು ಉದ್ಧಾರ ಆಗಲಿಲ್ಲ ಎಂಬ ಮಾತನ್ನು ಈ ಪಾಠದ ಹೊಟ್ಟೆಯೊಳಗೆ ಬಚ್ಚಿಟ್ಟು ತರುತ್ತಾರಲ್ಲ, ಅದು ಸುಳ್ಳು. ಹಿಂದೆ ಕರ್ಮ ಅನ್ನುತ್ತಿದ್ದರು. ಈಗ ಗುಣ ಅನ್ನುತ್ತಾರೆ. ಹೋದ ಜನ್ಮದ ಪಾಪಕ್ಕೆ ಬಡ್ತಿ ಸಿಕ್ಕಿ ಅದು ಈ ಜನ್ಮದ ವ್ಯಕ್ತಿತ್ವ ದೋಷವಾಗಿದೆ. ಅಲ್ಲೂ ತಪ್ಪು ಬಡವನದೇ, ಇಲ್ಲೂ ತಪ್ಪು ಬಡವನದೇ. ಧಣಿ ಮಾತ್ರ ಎರಡು ಕಡೆಯಲ್ಲೂ ನಿರಪರಾಧಿ.

ಈ ಪಾಠಕ್ಕೆ ನಮ್ಮ ನೆಲದಲ್ಲೇ ಒಂದು ಚರಿತ್ರೆ ಉಂಟು. 1982ರಲ್ಲಿ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಹುಟ್ಟಿತು. ಧರ್ಮಸ್ಥಳದ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಮೂರೂ ಸೇರಿ ಕಟ್ಟಿದ್ದು. ಕೆಲಸವಿಲ್ಲದ ಯುವಕ ಯುವತಿಯರನ್ನು ಕರೆದು, ಫೀಸು ಕೇಳದೆ, ಊಟ ವಸತಿ ಕೊಟ್ಟು, ಕೆಲವು ವಾರ ಕಸುಬು ಕಲಿಸಿ, ಮನಸ್ಸನ್ನೂ ಹದ ಮಾಡಿ ಸ್ವಂತ ಉದ್ಯೋಗಕ್ಕೆ ಕಳಿಸುವುದು ಅದರ ಕ್ರಮ. ಆ ಮಾದರಿ ದಿಲ್ಲಿಗೂ ಹಿಡಿಸಿತು. 2009ರಲ್ಲಿ ಕೇಂದ್ರ ಸರಕಾರ ಜಿಲ್ಲೆಗೊಂದು ಇಂಥ ಸಂಸ್ಥೆ ತೆರೆಯಿರಿ ಎಂದು ಬ್ಯಾಂಕುಗಳಿಗೆ ಹೇಳಿತು. ಆರ್‌ಸೆಟಿ ಎಂಬ ಹೆಸರಲ್ಲಿ ಅವು ದೇಶದ ತುಂಬ ಎದ್ದವು. 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ಕರಗಿ ಹೋಯಿತು, ಉಜಿರೆಯ ಮಾದರಿ ಉಳಿಯಿತು. ಅಲ್ಲಿ ಹೊಲಿಗೆ, ರಿಪೇರಿ, ಹೈನುಗಾರಿಕೆ ಕಲಿತು ಬದುಕು ಕಟ್ಟಿಕೊಂಡವರು ಇದ್ದಾರೆ. ಅದನ್ನು ಇಲ್ಲ ಅಂದರೆ ನಾವೂ ಸುಳ್ಳು ಹೇಳಿದ ಹಾಗಾಗುತ್ತದೆ. ತರಬೇತಿ ಮುಗಿದ ಮೇಲೆ ಎರಡು ವರ್ಷ ಹಿಂದೆ ಬಿದ್ದು ವಿಚಾರಿಸುವ ಪದ್ಧತಿಯನ್ನೂ ಅವರು ಇಟ್ಟುಕೊಂಡಿದ್ದಾರೆ. ಇದನ್ನು ನಾವು ಮೆಚ್ಚುತ್ತೇವೆ. ಗುಣ ಒಂದೇ ಸಾಲುವುದಿಲ್ಲ, ಬೆನ್ನಿಗೆ ಒಬ್ಬರು ಬೇಕು ಅಂತ ಅವರಿಗೂ ಗೊತ್ತುಂಟು ಎಂದಾಯಿತಲ್ಲ!

ಆದರೆ ಮನಸ್ಸು ಹದ ಮಾಡುವ ಪಾಠ ಎಲ್ಲಿಂದ ಬಂತು? ಅದು ಅಮೆರಿಕದಿಂದ ಬಂತು. ಡೇವಿಡ್ ಮೆಕ್ಲೆಲೆಂಡ್ ಎಂಬ ಮನಃಶಾಸ್ತ್ರಜ್ಞ 1961ರಲ್ಲಿ ಒಂದು ಪುಸ್ತಕ ಬರೆದ. ಒಂದು ಸಮಾಜ ಮುಂದೆ ಬರುವುದು ಅದರ ಜನರ ಎದೆಯಲ್ಲಿ ಸಾಧನೆಯ ಹಂಬಲ ಎಷ್ಟಿದೆ ಎಂಬುದರ ಮೇಲೆ ಎಂದು ವಾದಿಸಿದ. ಆ ಹಂಬಲವನ್ನು ಕಲಿಸಿ ಬೆಳೆಸಬಹುದು ಅಂತ ತೋರಿಸಲು 1964ರಲ್ಲಿ ಆಂಧ್ರದ ಕಾಕಿನಾಡದವರಿಗೆ ತರಬೇತಿ ನಡೆಸಿದ. ಅಲ್ಲಿ ಕೂತವರು ಯಾರು ಅಂತ ಗಮನಿಸಿ. ಆಗಲೇ ಅಂಗಡಿ, ವ್ಯವಹಾರ ಇದ್ದ ವ್ಯಾಪಾರಿಗಳು. ಅಂಗಡಿ ಇದ್ದವರ ಮೇಲೆ ಮಾಡಿದ ಪ್ರಯೋಗ ಕೊನೆಗೆ ಅಂಗಡಿಯ ಮೆಟ್ಟಿಲು ಹತ್ತಲು ಬಿಡದವರಿಗೆ ಪಾಠವಾಗಿ ಬಂತು.

ಇಂಥ ತರಬೇತಿಗಳಲ್ಲಿ ಒಂದು ಉಂಗುರದ ಆಟ ಉಂಟು. ನೆಲದಲ್ಲಿ ಒಂದು ಗೂಟ, ಕೈಯಲ್ಲಿ ಬಳೆಯಂಥ ಉಂಗುರ. ಎಷ್ಟು ದೂರದಿಂದ ಎಸೆಯುತ್ತೀರಿ ಎಂಬುದು ನಿಮಗೇ ಬಿಟ್ಟದ್ದು. ತೀರಾ ಹತ್ತಿರ ನಿಂತು ಹಾಕುವವನು ಪುಕ್ಕಲ. ತೀರಾ ದೂರ ನಿಲ್ಲುವವನು ಜೂಜುಕೋರ. ಕಷ್ಟವೂ ಹೌದು, ಆಗುವಂಥದೂ ಹೌದು ಅನ್ನುವ ನಡು ದೂರದಲ್ಲಿ ನಿಲ್ಲುವವನೇ ಉದ್ಯಮಿ.

ಆಟ ಚೆನ್ನಾಗಿದೆ. ಆದರೆ ಆ ಕೋಣೆಯಲ್ಲಿ ಉಂಗುರ ತಪ್ಪಿದರೆ ಹೆಕ್ಕಿ ಕೊಡುತ್ತಾರೆ, ಇನ್ನೊಮ್ಮೆ ಎಸೆಯಬಹುದು. ಹೊರಗೆ ನಮ್ಮವನ ಕೈಯಲ್ಲಿರುವುದು ಒಂದೇ ಉಂಗುರ. ಅದೂ ಹೆಂಡತಿಯ ಬೆರಳಿನದು, ಸೊಸೈಟಿಯಲ್ಲಿ ಅಡವಿಟ್ಟದ್ದು. ತಪ್ಪಿದರೆ ಮಗಳ ಕಾಲೇಜು ಹೋಯಿತು, ಅಪ್ಪನ ಮದ್ದು ಹೋಯಿತು. ಅಂಥವನು ಗೂಟದ ಬುಡದಲ್ಲಿ ನಿಲ್ಲದೆ ಮತ್ತೆಲ್ಲಿ ನಿಲ್ಲಬೇಕು ಮಾರಾಯ್ರೆ? ಅದನ್ನು ಪುಕ್ಕಲುತನ ಅನ್ನುವುದು ಹೇಗೆ? ಅದೇ ಅಲ್ಲವೇ ನೀವು ಕಲಿಸಲು ಹೊರಟ ಲೆಕ್ಕಾಚಾರ? ಬೆನ್ನಿಗೆ ಅಪ್ಪನ ಅಡಿಕೆ ತೋಟ ಇರುವ ಹುಡುಗ ಹತ್ತು ಹೆಜ್ಜೆ ಹಿಂದೆ ನಿಂತು ಎಸೆದರೆ ಅದರಲ್ಲಿ ಸಾಹಸ ಎಂಥದು? ಅವನ ಸೊಂಟದಲ್ಲಿ ಉಂಗುರದ ಗೊಂಚಲೇ ಉಂಟು.

ನಮ್ಮ ಮಾತಿಗೆ ಸಾಕ್ಷಿ ಬೇಕಾದರೆ ದೂರ ಹೋಗುವುದು ಬೇಡ. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಹತ್ತಿರ ಕೇಪು ಗ್ರಾಮಕ್ಕೆ ಹೋಗಿ. ಅಮೈ ಮಹಾಲಿಂಗ ನಾಯ್ಕರ ಹೆಸರು ಈಗ ಎಲ್ಲರಿಗೂ ಗೊತ್ತು, 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗುಣಪಾಠ ಹೇಳುವವರಿಗೆ ಅವರ ಕಥೆ ಅಂದರೆ ಬಾಯಲ್ಲಿ ನೀರು. ಬೋಳು ಗುಡ್ಡದ ಇಳಿಜಾರು, ನೀರಿಲ್ಲ. ಹಗಲು ಬೇರೆಯವರ ತೋಟದಲ್ಲಿ ಕೂಲಿ, ಆಮೇಲೆ ಒಬ್ಬರೇ ಗುಡ್ಡಕ್ಕೆ ಸುರಂಗ ಕೊರೆಯುವುದು. ಒಂದು ಒಣಗಿತು, ಇನ್ನೊಂದು ಒಣಗಿತು, ಊರವರು ನಕ್ಕರು. ಅವರು ಬಿಡಲಿಲ್ಲ. ಕೊನೆಗೆ ನೀರು ಬಂತು, ತೋಟ ಎದ್ದಿತು. ಇದನ್ನು ಕೇಳಿದರೆ ನಮಗೂ ಮೈ ಜುಮ್ಮೆನ್ನುತ್ತದೆ. ಅವರ ಕೈಗೆ ನಮ್ಮ ನಮಸ್ಕಾರ.

ಆದರೆ ವೇದಿಕೆಯವರು ಸುರಂಗದ ಕಥೆಯನ್ನು ಎಷ್ಟು ಉದ್ದ ಹೇಳುತ್ತಾರೋ ಅಷ್ಟೇ ಬೇಗ ಒಂದು ಸಂಗತಿಯನ್ನು ನುಂಗುತ್ತಾರೆ. 1978ರಲ್ಲಿ ಅವರಿಗೆ ಎರಡು ಎಕ್ರೆ ಜಾಗ ಸಿಕ್ಕಿತು. ಅವರು ದುಡಿಯುತ್ತಿದ್ದ ತೋಟದ ಯಜಮಾನರೇ ಕೊಟ್ಟರು. ಅದಕ್ಕೆ ಮೊದಲು ಮಹಾಲಿಂಗ ನಾಯ್ಕರು ಏನು ಮಾಡುತ್ತಿದ್ದರು? ಬೇರೆಯವರ ತೆಂಗು, ಅಡಿಕೆ ಮರ ಹತ್ತುತ್ತಿದ್ದರು. ಆಗಲೂ ಅದೇ ಕೈ, ಅದೇ ಎದೆ, ಅದೇ ಛಲ. ಗುಣ 1978ರಲ್ಲಿ ಆಕಾಶದಿಂದ ಉದುರಲಿಲ್ಲ. ಜಾಗ ಬಂತು, ಗುಣಕ್ಕೆ ಕಾಲೂರಲು ನೆಲ ಸಿಕ್ಕಿತು. ಆ ಎರಡು ಎಕ್ರೆ ಸಿಗದೆ ಹೋಗಿದ್ದರೆ ಅವರ ಛಲ ಯಾರದೋ ತೋಟದ ಅಡಿಕೆ ಕೊನೆಯಲ್ಲಿ ಇಳಿದು ಯಾರದೋ ಅಂಗಳದಲ್ಲಿ ಒಣಗುತ್ತಿತ್ತು. ಹಾಗೆ ಒಣಗಿದ ಛಲ ಈ ಮೂರು ಊರುಗಳ ಸುತ್ತ ಎಷ್ಟು ಅಂತ ಯಾವ ಇಲಾಖೆಯಲ್ಲಿ ಲೆಕ್ಕ ಉಂಟು?

ನೆಲದ ಮಾತು ಬಂದದ್ದರಿಂದ ಇನ್ನೊಂದು ಹೇಳಿಬಿಡುತ್ತೇವೆ. 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂತು. ನಮ್ಮ ಜಿಲ್ಲೆಯಲ್ಲಿ ಅದು ನಿಜವಾಗಿಯೂ ಕೆಲಸ ಮಾಡಿತು. ಚಾಲಗೇಣಿಯ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ಗದ್ದೆಯ ಒಡೆಯರಾದರು. ಅವರ ಮಕ್ಕಳು ಕಾಲೇಜಿಗೆ ಹೋದರು, ಮುಂಬಯಿಗೆ ಹೋದರು, ಕ್ಯಾಂಟೀನು ಇಟ್ಟರು, ಕೆಲವರು ಊರಿಗೆ ಬಂದು ಈಗ ಉದ್ಯಮಿಗಳು. ಸಂತೋಷವೇ. ಈ ಜಿಲ್ಲೆಯ ಅತಿ ದೊಡ್ಡ ಸ್ವಂತ ಉದ್ಯೋಗ ಯೋಜನೆ ಯಾವುದು ಅಂತ ನಮ್ಮನ್ನು ಕೇಳಿದರೆ ನಾವು ಆ ಕಾನೂನನ್ನೇ ಹೇಳುತ್ತೇವೆ. ಆದರೆ ಆ ಒಕ್ಕಲಿನ ಗದ್ದೆಯಲ್ಲಿ ಕೋಣದ ಹಿಂದೆ ಕೆಸರು ತುಳಿದ ಮೂಲದಾಳಿಗೆ ಗೇಣಿಚೀಟು ಎಲ್ಲಿಂದ ಬರಬೇಕು? ಅವನಿಗೆ ಸಿಕ್ಕಿದ್ದು ಗುಡಿಸಲಿನ ಅಡಿಯ ಸೆಂಟ್ಸು ಲೆಕ್ಕದ ಜಾಗ. ಬ್ರಿಟಿಷರ ಕಾಲದಲ್ಲೇ ದಲಿತರಿಗೆಂದು ತೆಗೆದಿಟ್ಟ ಡಿ.ಸಿ. ಮನ್ನಾ ಭೂಮಿ ಇನ್ನೂ ಪೂರ್ತಿ ನಮ್ಮವರ ಕೈಗೆ ಬಂದಿಲ್ಲ. ಅದಕ್ಕಾಗಿ ಬೆಳ್ತಂಗಡಿಯಲ್ಲಿ, ಬಂಟ್ವಾಳದಲ್ಲಿ, ಮಂಗಳೂರಿನಲ್ಲಿ ಅರ್ಜಿ ಕೊಟ್ಟು ಧರಣಿ ಕೂತು ನಮ್ಮವರ ಕೂದಲು ಬೆಳ್ಳಗಾಗಿದೆ. ತಾಳ್ಮೆ ಕಲಿಸುವ ಮೇಷ್ಟರೇ, ಇದಕ್ಕಿಂತ ತಾಳ್ಮೆ ಬೇಕಾ?

ಈಗ ಬೀಡಿ ಕಟ್ಟುವ ಹೆಂಗಸನ್ನು ನೋಡಿ. ಅವಳನ್ನು ಕೂಲಿ ಅನ್ನುತ್ತಾರೆ. ನಾವು ಅವಳ ದಿನವನ್ನು ಬಿಡಿಸಿ ತೋರಿಸುತ್ತೇವೆ. ಎಲೆ ಅವಳ ಮನೆಗೆ ಬರುವುದು ತೂಕದಲ್ಲಿ. ನೀರು ಹಾಕಿ ಹದ ಮಾಡಬೇಕು. ಹೆಚ್ಚು ನೆನೆದರೆ ಕೊಳೆಯುತ್ತದೆ, ಕಡಿಮೆಯಾದರೆ ಒಡೆಯುತ್ತದೆ. ಅಚ್ಚಿಟ್ಟು ಕತ್ತರಿಸಬೇಕು, ಒಂದೊಂದು ಎಲೆಯಲ್ಲಿ ಎಷ್ಟು ತುಂಡು ಬರುತ್ತದೆಂದು ಕಣ್ಣಲ್ಲೇ ಅಳೆಯಬೇಕು. ಹೊಗೆಸೊಪ್ಪು ಹೆಚ್ಚು ಹಾಕಿದರೆ ಸಾವಿರ ತುಂಬುವ ಮೊದಲೇ ಮುಗಿಯಿತು, ಕಡಿಮೆ ಹಾಕಿದರೆ ಬೀಡಿ ತಿರಸ್ಕಾರ. ಕೆಟ್ಟ ಎಲೆ ಬಂದ ದಿನ ಲೆಕ್ಕ ಭರ್ತಿ ಮಾಡಲು ಸ್ವಂತ ದುಡ್ಡು ಕೊಟ್ಟು ಎಲೆ ತರಬೇಕು. ಅನ್ನ ಬೇಯುತ್ತಿರುವಾಗ, ಮಗು ತೊಡೆಯ ಮೇಲೆ ಮಲಗಿರುವಾಗ ಕೈ ಮಾತ್ರ ನಿಲ್ಲುವುದಿಲ್ಲ. ಸಾವಿರ ಬೀಡಿ ಅಂದರೆ ಸಾವಿರ ಸಲ ಸುತ್ತಬೇಕು, ಸಾವಿರ ಸಲ ನೂಲು ಕಟ್ಟಬೇಕು. ಕಚ್ಚಾ ಮಾಲಿನ ನಿರ್ವಹಣೆ, ಗುಣಮಟ್ಟದ ತಪಾಸಣೆ, ಸಮಯಪಾಲನೆ, ನಷ್ಟವನ್ನು ತಾನೇ ಹೊರುವ ಎದೆಗಾರಿಕೆ, ಇದರಲ್ಲಿ ಯಾವುದು ಕಡಿಮೆಯಾಯಿತು? ನಷ್ಟ ಅವಳದು, ಬ್ರಾಂಡು ಇನ್ನೊಬ್ಬನದು. ಉದ್ಯಮಿಯ ಎಲ್ಲ ಅಪಾಯವೂ ಅವಳ ಮಡಿಲಿಗೆ ಬಿತ್ತು, ಲಾಭ ಮಾತ್ರ ದಾರಿ ತಪ್ಪಿತು. 1966ರಲ್ಲಿ ಬೀಡಿ ಕಾರ್ಮಿಕರಿಗೊಂದು ಕಾನೂನು ಬಂದಿತ್ತಲ್ಲ, ಅದು ಯಾರ ಸದ್ಗುಣದಿಂದಲೂ ಬಂದದ್ದಲ್ಲ. ಬೀದಿಗಿಳಿದ ಸಂಘಟನೆಗಳಿಂದ ಬಂತು.

ಅಡಿಕೆಯ ಕಡೆ ನೋಡಿದರೆ ಇನ್ನೂ ತಮಾಷೆ. ಮಳೆಗಾಲದಲ್ಲಿ ಪಾಚಿ ಹಿಡಿದ ಮರಕ್ಕೆ ಕಾಲಿಗೆ ಹಗ್ಗದ ಬಳೆ ಕಟ್ಟಿ ಹತ್ತಿ, ತುದಿಯಲ್ಲಿ ನಿಂತು ಮೈಲುತುತ್ತಿನ ಮದ್ದು ಬಿಡುತ್ತಾರೆ, ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ಹಾರುತ್ತಾರೆ. ಅಪಾಯ ಎದುರಿಸುವ ಗುಣ ಇದಲ್ಲದಿದ್ದರೆ ಮತ್ತೆ ಯಾವುದು? 2019ರಲ್ಲಿ ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕರೊಬ್ಬರು ಅಡಿಕೆ ಮರ ಹತ್ತುವ ಬೈಕು ಮಾಡಿದರು, ದೇಶವೆಲ್ಲ ನೋಡಿತು. ಒಳ್ಳೆಯ ಯಂತ್ರ, ಜೀವ ಉಳಿಸುವಂಥದು. ಆ ಬೈಕನ್ನು ಸಾಹಸ ಅಂದ ಪತ್ರಿಕೆಗಳು ಬೈಕಿಲ್ಲದೆ ಹತ್ತಿದವರಿಗೆ ಏನಂತ ಕರೆದವು? ಹತ್ತುವವರು ಸಿಗುತ್ತಿಲ್ಲ, ಸೋಮಾರಿಗಳಾಗಿದ್ದಾರೆ ಅಂತ.

ಬೆಳೆಗಾರರಿಗೆ ಕಷ್ಟ ಬಂದಾಗ ಏನಾಯಿತು? 1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ನೆಲ ಕಚ್ಚಿತು. ಆಗ ಯಾರೂ ಅವರನ್ನು ಸಾಲಾಗಿ ಕೂರಿಸಿ ಉಂಗುರ ಎಸೆಯುವ ಆಟ ಆಡಿಸಲಿಲ್ಲ. ನಿಮ್ಮಲ್ಲಿ ಛಲ ಕಡಿಮೆಯಾಗಿದೆ, ಅದಕ್ಕೇ ಬೆಲೆ ಬಿತ್ತು ಅನ್ನಲಿಲ್ಲ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರು ಸೇರಿ ಕ್ಯಾಂಪ್ಕೊ ಕಟ್ಟಿದರು. ತಾವೇ ಖರೀದಿ ಮಾಡಿದರು, ಬೆಲೆಗೆ ಆಧಾರ ಕೊಟ್ಟರು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೂ ಹಾಕಿದರು. ಸರಿಯಾದ ಕೆಲಸ. ತೋಟದವನಿಗೆ ಕಷ್ಟ ಬಂದರೆ ಅದು ಮಾರುಕಟ್ಟೆಯ ದೋಷ, ಅದಕ್ಕೆ ಸಂಸ್ಥೆ ಬೇಕು. ತೋಟದ ಆಳಿಗೆ ಕಷ್ಟ ಬಂದರೆ ಅದು ಗುಣದ ದೋಷ, ಅದಕ್ಕೆ ಭಾಷಣ ಸಾಕು! ಈ ಎರಡು ತಕ್ಕಡಿಯನ್ನು ಒಂದೇ ಊರಲ್ಲಿ ನಡೆಸುತ್ತಿರುವುದನ್ನು ನಾವು ಯಾಕೆ ಒಪ್ಪಬೇಕು?

ಕಡಿಮೆ ದುಡ್ಡಿನಲ್ಲಿ ದೊಡ್ಡದಾದವರ ಉದಾಹರಣೆಗೆ ನಮ್ಮ ಜಿಲ್ಲೆಯ ಬ್ಯಾಂಕುಗಳನ್ನು ತೋರಿಸುತ್ತಾರೆ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಹಿಂದೂ ಪರ್ಮನೆಂಟ್ ಫಂಡು ಶುರು ಮಾಡಿದರು, ಅದೇ ಇಂದಿನ ಕೆನರಾ ಬ್ಯಾಂಕು. ಹೆಸರಿನ ಅಮ್ಮೆಂಬಳ ಬಂಟ್ವಾಳ ತಾಲೂಕಿನದೇ ಊರು. 1925ರಲ್ಲಿ ಉಡುಪಿಯಲ್ಲಿ 8,000 ರೂಪಾಯಿಯಿಂದ ಸಿಂಡಿಕೇಟ್ ಬ್ಯಾಂಕು ಹುಟ್ಟಿತು. 1928ರಿಂದ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸೇರಿಸುವ ಪಿಗ್ಮಿ ಬಂತು. 1931ರಲ್ಲಿ ಎ.ಬಿ. ಶೆಟ್ಟರ ವಿಜಯಾ ಬ್ಯಾಂಕು. ಇವರೆಲ್ಲ ಸಣ್ಣ ಗಂಟಿನಿಂದ ಶುರು ಮಾಡಿದ್ದು ಹೌದು, ಬುದ್ಧಿವಂತರೆಂಬುದೂ ಹೌದು. ಆದರೆ ಬ್ಯಾಂಕು ನಡೆಯುವುದು ದುಡ್ಡಿನಿಂದಲ್ಲ, ನಂಬಿಕೆಯಿಂದ. ನನ್ನ ದುಡ್ಡು ಇವನ ಕೈಯಲ್ಲಿ ಇರಲಿ ಅಂತ ನಾಲ್ಕು ಜನ ಅನ್ನಬೇಕು. ಆ ನಾಲ್ಕು ಜನ ಯಾರು? ಮೊದಲಿಗೆ ನೆಂಟರು, ಜಾತಿಯವರು, ಮಠದಲ್ಲಿ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವವರು. ಆ ಪಂಕ್ತಿಯೇ ಬಂಡವಾಳ. ಅದನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವುದಿಲ್ಲ, ಅಷ್ಟೇ. ಇದೇ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತರ ಮಕ್ಕಳಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶುರು ಮಾಡಿದ್ದು 1897ರಲ್ಲಿ. ಒಂದು ಓಣಿಯವರು ಬ್ಯಾಂಕಿನ ಬಾಗಿಲು ತೆರೆಯುವ ಹೊತ್ತಿಗೆ ಇನ್ನೊಂದು ಓಣಿಯ ಮಕ್ಕಳಿಗೆ ಸ್ಲೇಟು ಹಿಡಿಯುವುದೇ ಒಂದು ಹೋರಾಟ. ಓಟ ಒಂದೇ ಗೆರೆಯಿಂದ ಶುರುವಾಯಿತು ಅಂತ ಹೇಳುವವರ ಕಣ್ಣಿಗೆ ಪೊರೆ ಬಂದಿರಬೇಕು.

ಬಂಟ್ವಾಳದ ಪೇಟೆಯನ್ನೇ ತೆಗೆದುಕೊಳ್ಳಿ. 1923ರಲ್ಲಿ ನೇತ್ರಾವತಿ ಉಕ್ಕಿ ಪೇಟೆಯನ್ನು ಮುಳುಗಿಸಿದಳು, 1974ರಲ್ಲಿ ಮತ್ತೆ ಮುಳುಗಿಸಿದಳು. ವ್ಯಾಪಾರಿಗಳು ಮತ್ತೆ ಎದ್ದರು. ಎದ್ದದ್ದು ಛಲದಿಂದಲೇ. ಆದರೆ ಅಂಗಡಿಗೆ ಮತ್ತೆ ಮಾಲು ತುಂಬಬೇಕಾದರೆ ಮಂಡಿಯವನು ಕಡ ಕೊಡಬೇಕು. ಹೊಳೆಬದಿಯ ಗುಡಿಸಲು ಕಳಕೊಂಡವನಿಗೆ ಯಾವ ಮಂಡಿಯಲ್ಲಿ ಖಾತೆ ಉಂಟು?

ಇನ್ನು ಅನ್ನದ ವ್ಯಾಪಾರ. ಉಡುಪಿ ಹೋಟೆಲು ಜಗತ್ತೆಲ್ಲ ಹೋಯಿತು. ಒಂದು ಒಲೆ, ಎರಡು ಪಾತ್ರೆ, ಬೆಳಗಿನ ಜಾವದ ದುಡಿಮೆ, ಕಡಿಮೆ ಬಂಡವಾಳಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ ಅನ್ನುತ್ತಾರೆ. ಇಡ್ಲಿ ರುಬ್ಬುವುದು ನಮ್ಮ ತಾಯಂದಿರಿಗೆ ಬರುವುದಿಲ್ಲವೇ? ಬರುತ್ತದೆ. ತಿನ್ನುವ ಬಾಯಿ ಬರುವುದಿಲ್ಲ. ನಮ್ಮ ಗಡಿಯಾಚೆ ಕೊಲ್ಲಾಪುರದಲ್ಲಿ ಗಂಗಾರಾಮ ಕಾಂಬಳೆ ಎಂಬ ದಲಿತ ಚಹಾದಂಗಡಿ ಇಟ್ಟರು. ಆ ಅಂಗಡಿಗೆ ಜನ ಬರಬೇಕಾದರೆ ಶಾಹು ಮಹಾರಾಜರೇ ಹೋಗಿ ಎಲ್ಲರೆದುರು ಚಹಾ ಕುಡಿಯಬೇಕಾಯಿತು. ಒಂದು ಕಪ್ಪು ಚಹಾ ಮಾರಲು ಒಬ್ಬ ರಾಜ ಬೇಕಾಯಿತು! ಎಲ್ಲ ಊರಿಗೂ ಒಬ್ಬೊಬ್ಬ ಶಾಹುವನ್ನು ಎಲ್ಲಿಂದ ತರುವುದು? ಅಂಬೇಡ್ಕರರದು ಇನ್ನೊಂದು. ಕೊಲಂಬಿಯದಲ್ಲಿ ಅರ್ಥಶಾಸ್ತ್ರ ಓದಿ ಬಂದವರು 1918ರ ಹೊತ್ತಿಗೆ ಮುಂಬಯಿಯಲ್ಲಿ ಷೇರು ವ್ಯವಹಾರದವರಿಗೆ ಸಲಹೆ ಕೊಡುವ ಕಚೇರಿ ತೆರೆದರು. ಜಾತಿ ಗೊತ್ತಾಗುತ್ತಲೇ ಗಿರಾಕಿಗಳು ನಿಂತರು, ಕಚೇರಿ ಮುಚ್ಚಿತು. ಅಂಬೇಡ್ಕರರಲ್ಲಿ ಯಾವ ಗುಣ ಕಡಿಮೆ ಇತ್ತು ಅಂತ ಗುಣಪಾಠದವರು ದಯವಿಟ್ಟು ಒಂದು ಚೀಟಿಯಲ್ಲಿ ಬರೆದು ಕಳಿಸಲಿ.

ಅದೆಲ್ಲ ಹಳೆಯ ಕಾಲ ಅನ್ನಬೇಡಿ. ನಮ್ಮ ಬಳಗದ ಒಬ್ಬ ತರಬೇತಿ ಸರ್ಟಿಫಿಕೇಟು ಹಿಡಿದುಕೊಂಡು ಬಿ.ಸಿ. ರೋಡಿನಲ್ಲಿ ಬಾಡಿಗೆಗೆ ಕೋಣೆ ಕೇಳಲು ಹೋದ. ಯಜಮಾನ ಜಾತಿ ಕೇಳಲಿಲ್ಲ. ಈಗ ಯಾರೂ ಹಾಗೆ ಕೇಳುವುದಿಲ್ಲ. ನಿಮ್ಮದು ಯಾವ ಮನೆ, ಬರಿ ಯಾವುದು, ಯಾವ ದೈವ ಅಂತ ನಯವಾಗಿ ಕೇಳಿದ. ಉತ್ತರ ಕೇಳಿದ ಮೇಲೆ, ಛೆ, ನಿನ್ನೆಯೇ ಒಬ್ಬರಿಗೆ ಮಾತು ಕೊಟ್ಟಾಯಿತು ಅಂದ. ಕೋಣೆಯ ಬಾಗಿಲಿಗೆ 'ಬಾಡಿಗೆಗೆ ಇದೆ' ಎಂಬ ಬೋರ್ಡು ಮುಂದಿನ ತಿಂಗಳೂ ನೇತಾಡುತ್ತಿತ್ತು.

ಕೊರಗರ ಮಾತು ಎತ್ತದೆ ಈ ಲೆಕ್ಕ ಮುಗಿಯದು. ಕಾಡಿನ ಬೂರು ತಂದು, ಸೀಳಿ, ಹದ ಮಾಡಿ ಅವರು ಹೆಣೆದ ಬುಟ್ಟಿ ಇಲ್ಲದೆ ಈ ಸೀಮೆಯ ಯಾವ ಗುತ್ತಿನ ಭತ್ತವೂ ಅಂಗಳದಿಂದ ಕಣಜಕ್ಕೆ ಹೋಗಲಿಲ್ಲ. ಕೈಕಸುಬು ಉಂಟು, ಮಾಲು ಉಂಟು, ಊರೆಲ್ಲ ಗಿರಾಕಿ. ಪುಸ್ತಕದ ಪ್ರಕಾರ ಇವರು ಈ ಜಿಲ್ಲೆಯ ಮೊದಲ ಉದ್ಯಮಿಗಳಾಗಬೇಕಿತ್ತು. ಆದರೆ ಬುಟ್ಟಿಗೆ ಬೆಲೆ ಹೇಳುವ ಬಾಯಿಯೇ ಅವರಿಗೆ ಇರಲಿಲ್ಲ. ಅಜಲು ಎಂಬ ಹೆಸರಲ್ಲಿ ಅವರನ್ನು ಹೇಗೆ ನಡೆಸಿಕೊಂಡರು ಎಂಬುದನ್ನು ಇಲ್ಲಿ ಬರೆಯಲು ನಮಗೆ ಕೈ ಬರುವುದಿಲ್ಲ. ಅದನ್ನು ನಿಷೇಧಿಸಲು ರಾಜ್ಯ 2000ದಲ್ಲಿ ಒಂದು ಕಾನೂನನ್ನೇ ಮಾಡಬೇಕಾಯಿತು ಅಂದರೆ ಓದುಗರು ಊಹಿಸಿಕೊಳ್ಳಬಹುದು. ಈಗ ಪ್ಲಾಸ್ಟಿಕ್ಕು ಬಂತು, ಕಾಡಿಗೆ ಹೋದರೆ ಗಾರ್ಡು ನಿಲ್ಲಿಸುತ್ತಾನೆ. ಅವರಿಗೆ ಮಾರುಕಟ್ಟೆ ಕೌಶಲ ಕಲಿಸುತ್ತೇವೆ ಅಂತ ಹೊರಟವರು ಮೊದಲು ಬೂರು ತರುವ ದಾರಿಯನ್ನು ಬಿಡಿಸಿಕೊಡಲಿ.

ಹಾಗಾದರೆ ಸಾಲ ಸಿಗುತ್ತದಲ್ಲ ಅನ್ನುತ್ತಾರೆ. ಸಿಗುತ್ತದೆ. 2015ರಲ್ಲಿ ಮುದ್ರಾ ಬಂತು, ಅದರ ಶಿಶು ಸಾಲ 50,000 ರೂಪಾಯಿವರೆಗೆ. 2016ರಲ್ಲಿ ಸ್ಟ್ಯಾಂಡ್ ಅಪ್ ಇಂಡಿಯಾ ಅಂತ ಬಂದಿತ್ತು, ದಲಿತರಿಗೆ, ಹೆಂಗಸರಿಗೆ 10 ಲಕ್ಷದಿಂದ 1 ಕೋಟಿ ಅಂತ ಬೋರ್ಡು. ಕೋಟಿಯ ಬೋರ್ಡಿನ ಕೆಳಗೆ ನಿಂತ ನಮ್ಮ ಹೆಂಗಸಿಗೆ ಸುಲಭವಾಗಿ ಸಿಗುವುದು ಗುಂಪಿನ ಕಿರುಸಾಲ, ವಾರದ ಕಂತು. ಒಬ್ಬಳು ತಪ್ಪಿದರೆ ಉಳಿದವರು ಹೊರಬೇಕು. ಇಲ್ಲಿ ಒಂದು ಮಾತು ಕೇಳುತ್ತೇವೆ. ಇವರಲ್ಲಿ ಶಿಸ್ತು ಇಲ್ಲದಿದ್ದರೆ ವಾರವಾರ ಬಡ್ಡಿಸಹಿತ ಕಂತು ಕಟ್ಟುತ್ತಿರುವವರು ಯಾರು? ದೊಡ್ಡ ಸಾಲಗಾರ ವಿಮಾನ ಹತ್ತುತ್ತಾನೆ, ಇವಳು ಕಿವಿಯೋಲೆ ಮಾರಿ ಕಟ್ಟುತ್ತಾಳೆ. ಕಿರುಸಾಲದವರ ವಸೂಲಿ ಕಾಟ ಎಷ್ಟಾಯಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಅದನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಆ ಸಾಲದಲ್ಲಿ ಬಹುಪಾಲು ಉದ್ಯಮಕ್ಕಲ್ಲ, ಆಸ್ಪತ್ರೆಗೆ, ಮದುವೆಗೆ, ಹಳೆಯ ಸಾಲಕ್ಕೆ ಹೋಗುತ್ತದೆ ಎಂಬುದು ಗುಂಪಿನ ಪುಸ್ತಕ ಬರೆಯುವವರಿಗೂ ಗೊತ್ತು, ಬರೆಸುವವರಿಗೂ ಗೊತ್ತು.

ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದು. ಕಟ್ಟಿಸಿದ ಸೆಟ್ಟಿಗಳ ಔದಾರ್ಯವನ್ನು ಗೈಡು ಹೇಳುತ್ತಾನೆ. ಕಲ್ಲು ಎಳೆದವರ ಗುಣವೇನು ಅಂತ ಕೇಳಿದರೆ ಅವನಿಗೆ ನಗು ಬರುತ್ತದೆ. ಆರು ಶತಮಾನ ಕಳೆದರೂ ನಮ್ಮ ಉದ್ಯಮಪಾಠದ ಪುಸ್ತಕವನ್ನು ಅದೇ ಗೈಡು ಬರೆಯುತ್ತಿದ್ದಾನೆ.

ತರಬೇತಿ ನಿಲ್ಲಿಸಿ ಅಂತ ನಾವು ಹೇಳುತ್ತಿಲ್ಲ. ಕರೆದರೆ ಬರುತ್ತೇವೆ, ಕಸುಬು ಕಲಿಯುತ್ತೇವೆ, ಬೇಕಾದರೆ ಉಂಗುರವನ್ನೂ ಎಸೆಯುತ್ತೇವೆ. ಬರುವಾಗ ನಮಗೆ ನಾಲ್ಕು ಕಾಗದ ಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕುಗಳಲ್ಲಿ ಡಿ.ಸಿ. ಮನ್ನಾ ಭೂಮಿ ಎಷ್ಟು, ಎಲ್ಲಿ, ಈಗ ಯಾರ ಬೇಲಿಯೊಳಗೆ ಉಂಟು ಎಂಬ ಪಟ್ಟಿ, ಸರ್ವೆ ನಂಬ್ರದ ಸಮೇತ. ಪುರಸಭೆ, ಪಂಚಾಯತಿಗಳ ಅಂಗಡಿಕೋಣೆಗಳಲ್ಲಿ ದಲಿತರ ಹೆಸರಲ್ಲಿ ಎಷ್ಟು, ನಿಜವಾಗಿ ದಲಿತರ ಕೈಯಲ್ಲಿ ಎಷ್ಟು ಎಂಬ ಪಟ್ಟಿ. ಪ್ರತಿ ಬ್ಯಾಂಕು ಶಾಖೆ ಜಾಮೀನಿಲ್ಲದೆ ನಮ್ಮವರಿಗೆ ಕೊಟ್ಟ ಉದ್ಯಮ ಸಾಲದ ಲೆಕ್ಕ, ತಿರಸ್ಕರಿಸಿದ ಅರ್ಜಿಗಳ ಕಾರಣ ಸಹಿತ. ಹಾಸ್ಟೆಲು, ಆಸ್ಪತ್ರೆ, ಅಂಗನವಾಡಿಗಳಿಗೆ ನಮ್ಮವರ ಕೈಯಿಂದ ಅಕ್ಕಿ, ತರಕಾರಿ, ಬುಟ್ಟಿ, ಬಟ್ಟೆ ಕೊಳ್ಳುತ್ತೇವೆ ಎಂಬ ಆದೇಶ. ಇವನ್ನು ತಾಲೂಕು ಕಚೇರಿಯ ಗೋಡೆಗೆ ಅಂಟಿಸಲಿ. ಓದು ಬಾರದವರಿಗೆ ನಾವೇ ಜಗಲಿಯಲ್ಲಿ ನಿಂತು ಗಟ್ಟಿಯಾಗಿ ಓದಿ ಹೇಳುತ್ತೇವೆ.